ಗೌರಮ್ಮನ ಹಾಡುವ ಬೀರು

"ನಮ್ಮನೇಲಿ ಒಂದು ಆಡೋ ಬೀರು ಅದೆ ಕಣಮ್ಮ. ಬಂದು ನೋಡ್ತೀಯಾ?"

ಅಲ್ಲಾಳಸಂದ್ರ ಕೆರೆಯ ಸುತ್ತ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತಿದ್ದಾಗ ಗೌರಮ್ಮ ಹೀಗೆ ಕೇಳಿದರು. ನಾನು ತಬ್ಬಿಬ್ಬಾದೆ. ಬೀರು ಅಂದರೆ ಬಟ್ಟೆ ಇಡುವ ಬೀರುವೋ, ಬಾಟಲಿಯ ಬೀರೋ? ಯಾವುದೇ ಆಗಲಿ, ಅದು ಆಡುವುದು ಹೇಗೆ? (ಎರಡನೆಯದು ಮನುಷ್ಯರನ್ನು ಆಡಿಸುವುದನ್ನು ಕಂಡಿದ್ದೇನೆ. ಅದು ಬೇರೆ ಕಥೆ.)

ಆಮೇಲೆ ಹೊಳೆಯಿತು. ಗೌರಮ್ಮ ಕೊಡಿಗೇಹಳ್ಳಿಯ ಹಳೇ ಒಕ್ಕಲುತನದ ಮನೆಯವರು. ಅವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹೂವು ಊವಾಗುತ್ತದೆ, ಹಾಲು ಆಲಾಗುತ್ತದೆ. ಅಂದರೆ ಅದು ಆಡೋ ಬೀರು ಅಲ್ಲ, ಹಾಡೋ ಬೀರು!

"ಹಾಡುತ್ತಾ? ನಿಜವಾಗ್ಲೂ?"

"ಆಡ್ತಿತ್ತು. ಈಗ ಆಡಲ್ಲ. ಅದಕ್ಕೇ ನಿನ್ನ ಕೇಳ್ತಿರೋದು. ಪೇಪರ್‌ನಲ್ಲಿ ಬರೀತೀಯಲ್ಲ, ನಿನಗೆ ನಾಕು ಜನ ಗೊತ್ತಿರ್ತಾರೆ. ಯಾರಾದ್ರೂ ರಿಪೇರಿಯೋರ್ನ ಉಡುಕಿಕೊಡು."

(ಬ್ಯಾಂಕಿನಿಂದ ರಿಟೈರ್ ಆದ ಮೇಲೆ ನನಗೆ ಗೊತ್ತಿರುವ ನಾಲ್ಕು ಜನ ಎಂದರೆ ಹಾಲಿನವನು, ಗ್ಯಾಸಿನವನು, ಈ ಅಂಕಣದ ಸಂಪಾದಕರು ಮತ್ತು ಗೌರಮ್ಮ. ಅದನ್ನು ಹೇಳಲು ಹೋಗಲಿಲ್ಲ.)

ಮರುದಿನವೇ ಕೊಡಿಗೇಹಳ್ಳಿಗೆ ಹೋದೆ. ಎರಡೂ ಪಕ್ಕ ಐದಂತಸ್ತಿನ ಕಟ್ಟಡಗಳು, ನಡುವೆ ಹೆಂಚಿನ ಮನೆ. ಗೌರಮ್ಮನ ಮಗ ಮಂಜುನಾಥ ಬಿಲ್ಡರ್. ಊರಿನ ಅರ್ಧ ಹಳೇ ಮನೆಗಳನ್ನು ಕೆಡವಿ ಹೊಸದು ಕಟ್ಟಿದವನು. ಈಗ ಅವನ ಮನೆಯದೇ ಸರದಿ. ಇನ್ನೈದು ವಾರಕ್ಕೆ ಜೆಸಿಬಿ ಬರುವುದಿತ್ತು. ಅಷ್ಟರಲ್ಲಿ ಸಾಮಾನೆಲ್ಲ ಖಾಲಿಯಾಗಬೇಕು.

ಪಡಸಾಲೆಯ ಮೂಲೆಯಲ್ಲಿ ನಿಂತಿತ್ತು ಬೀರು.

ನನಗಿಂತ ಒಂದು ಗೇಣು ಎತ್ತರ. ಕಡುಕಂದು ಮರ, ನೆತ್ತಿಯ ಮೇಲೆ ಕೆತ್ತನೆ, ಮುಂದೆ ಗಾಜಿನ ಬಾಗಿಲು. ಗಾಜಿನ ಒಳಗೆ ಬಟ್ಟೆಯಿಲ್ಲ, ಪಾತ್ರೆಯಿಲ್ಲ. ಊಟದ ತಟ್ಟೆಯ ಎರಡರಷ್ಟು ದೊಡ್ಡದಾದ ಒಂದು ಉಕ್ಕಿನ ತಟ್ಟೆ ನೆಟ್ಟಗೆ ನಿಂತಿದೆ. ಅದರ ಮೈತುಂಬ ಸಣ್ಣ ಸಣ್ಣ ತೂತು. ಬೀರುವಿನ ಬಲಪಕ್ಕದಲ್ಲಿ ಕೀ ಕೊಡುವ ಹಿಡಿ. ಅದರ ಮೇಲೆ ಹಿತ್ತಾಳೆಯದೊಂದು ಪುಟ್ಟ ಬಾಯಿ. ಕಾಸು ಹಾಕಲು!

ಕಾಸು ಹಾಕಿದರೆ ಹಾಡುವ ಯಂತ್ರ. ಕರೆಂಟಿಲ್ಲ, ಸ್ಪೀಕರಿಲ್ಲ, ಯಾರೋ ಹಾಡಿಟ್ಟ ರೆಕಾರ್ಡೂ ಅಲ್ಲ. ಒಳಗಿರುವ ಉಕ್ಕೇ ಹಾಡಬೇಕು.

ಹೇಗೆ ಎಂದು ನಾನು ಆಮೇಲೆ ಕಲಿತದ್ದನ್ನು ಈಗಲೇ ಹೇಳಿಬಿಡುತ್ತೇನೆ. ಹಿಡಿ ತಿರುಗಿಸಿದರೆ ಗಡಿಯಾರದಲ್ಲಿರುವಂಥ, ಆದರೆ ಬಹಳ ದೊಡ್ಡ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಒಂದು ಕೊಕ್ಕೆ ಅದನ್ನು ತಡೆದು ನಿಲ್ಲಿಸಿರುತ್ತದೆ. ನೀವು ಹಾಕಿದ ಕಾಸು ಜಾರಿಹೋಗಿ ತಕ್ಕಡಿಯಂಥ ಬಟ್ಟಲಿಗೆ ಬೀಳುತ್ತದೆ. ಆ ಭಾರಕ್ಕೆ ಬಟ್ಟಲು ಇಳಿಯುತ್ತದೆ, ಕೊಕ್ಕೆ ಬಿಡುತ್ತದೆ, ತಟ್ಟೆ ತಿರುಗುತ್ತದೆ. ತಟ್ಟೆಯ ಪ್ರತಿ ತೂತಿನ ಹಿಂದೆ ಒಂದು ಪುಟ್ಟ ಕೊಂಡಿ. ಅದು ನಕ್ಷತ್ರದಂಥ ಒಂದು ಚಕ್ರವನ್ನು ತಳ್ಳುತ್ತದೆ. ಚಕ್ರ ಹೋಗಿ ಉಕ್ಕಿನ ಬಾಚಣಿಗೆಯ ಒಂದು ಹಲ್ಲನ್ನು ಮೀಟುತ್ತದೆ. ಹೌದು, ಬಾಚಣಿಗೆಯೇ. ಉದ್ದ ಹಲ್ಲಿನಿಂದ ದಪ್ಪ ದನಿ, ಗಿಡ್ಡ ಹಲ್ಲಿನಿಂದ ಕೀಚು ದನಿ. ತಟ್ಟೆ ತೀರಾ ವೇಗವಾಗಿ ಓಡದಂತೆ ಹಿಂದೊಂದು ಸಣ್ಣ ಫ್ಯಾನಿನ ರೆಕ್ಕೆ ಗಾಳಿಯನ್ನು ಹೊಡೆಯುತ್ತ ತಡೆಯುತ್ತಿರುತ್ತದೆ. ಒಂದು ಸುತ್ತು ಮುಗಿದರೆ ಹಾಡು ಮುಗಿಯಿತು, ಕಾಸು ಕೆಳಗಿನ ಡ್ರಾಯರಿಗೆ ಬಿತ್ತು. ಬೇರೆ ಹಾಡು ಬೇಕೇ? ತಟ್ಟೆ ಬದಲಿಸಿ.

ಒಂದು ಕಾಲಕ್ಕೆ ಯುರೋಪಿನ ಹೋಟೆಲುಗಳಲ್ಲಿ, ರೈಲ್ವೆ ಸ್ಟೇಷನ್ನುಗಳಲ್ಲಿ ಇಂಥವು ಸಾಮಾನ್ಯವಾಗಿದ್ದವಂತೆ. ಕಾಸು ಹಾಕಿದರೆ ತಾನೇ ನುಡಿಯುವ ಪಿಯಾನೋ ಇತ್ತು, ತಾನೇ ನುಡಿಯುವ ಪಿಟೀಲೂ ಇತ್ತು. ಗ್ರಾಮಫೋನ್ ಬಂದದ್ದೇ ತಡ, ಎಲ್ಲವೂ ಮೂಲೆ ಸೇರಿದವು. ಎಷ್ಟೋ ಯಂತ್ರಗಳು ಒಲೆಗೆ ಸೌದೆಯಾದವು, ಗುಜರಿಗೆ ಹೋದವು. ಉಳಿದವಕ್ಕೂ ತಟ್ಟೆಗಳಿಲ್ಲ. ಒಂದು ಕಂಪನಿಯ ತಟ್ಟೆ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. (ಚಾರ್ಜರ್ ಜಗಳ ಮೊಬೈಲ್ ಕಾಲದ್ದು ಎಂದುಕೊಂಡಿದ್ದೆ.) ಇನ್ನು ಕಾಸು. ಸರ್ಕಾರ ಹೊಸ ನಾಣ್ಯ ತಂದರೆ ಯಂತ್ರ ಮೂಕ. ಆಮೇಲೊಮ್ಮೆ ನಮ್ಮ ಈಗಿನ ಒಂದು ರೂಪಾಯಿ ಹಾಕಿ ನೋಡಿದೆ. ಬಟ್ಟಲು ಅಲ್ಲಾಡಲಿಲ್ಲ. ತೂಕ ಸಾಲದು!

ಇಂಥ ಅಪರೂಪದ ವಸ್ತು ಕೊಡಿಗೇಹಳ್ಳಿಗೆ ಬಂದದ್ದು ತರಕಾರಿಯ ದಾರಿಯಲ್ಲಿ. ಗೌರಮ್ಮನ ಗಂಡನ ತಾತ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ತರಕಾರಿ ಹಾಕುತ್ತಿದ್ದರು. ಅಲ್ಲಿನ ಬಿಳಿಯರ ಕ್ಲಬ್ಬೊಂದು ಹಳೇ ಸಾಮಾನು ಮಾರಿದಾಗ, ಮೂರು ತಟ್ಟೆ ಮತ್ತು ಒಂದು ಚೀಲ ದಪ್ಪ ತಾಮ್ರದ ಕಾಸಿನ ಸಮೇತ ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದರು. ಈಗ ತಟ್ಟೆ ಎರಡೇ ಉಳಿದಿವೆ.

"ಮೂರನೇದು?" ಎಂದೆ.

"ಕೋಳಿಗೂಡಿಗೆ ಬಾಗಿಲು ಮಾಡಿದ್ರು. ಗಾಳಿ ಆಡ್ತದೆ ಅಂತ."

ಮಂಜುನಾಥ ಒಬ್ಬ ಆ್ಯಂಟಿಕ್ ವ್ಯಾಪಾರಿಯನ್ನು ಆಗಲೇ ಕರೆಸಿದ್ದ. ಆ ಮಹಾಶಯ ಬೀರುವನ್ನು ಒಂದು ಸುತ್ತು ನೋಡಿ, "ಮ್ಯೂಸಿಕ್ ಪಾರ್ಟ್ ವೇಸ್ಟ್ ಸರ್. ಒಳಗಿನದೆಲ್ಲ ತೆಗೆದು ಎಲ್‌ಇಡಿ ಲೈಟ್ ಹಾಕಿದ್ರೆ ಫಸ್ಟ್ ಕ್ಲಾಸ್ ಬಾರ್ ಕ್ಯಾಬಿನೆಟ್" ಎಂದನಂತೆ. ಅಂದರೆ ಬೀರು ಕೊನೆಗೂ ಬೀರಿನ ಬೀರುವೇ ಆಗುವುದಿತ್ತು.

"ಅಮ್ಮ, ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡು. ಇದು ಲಿಫ್ಟಲ್ಲಿ ಹೋಗಲ್ಲ, ಫ್ಲಾಟಲ್ಲಿ ಹಿಡಿಸಲ್ಲ. ಹಾಡೋದೂ ಇಲ್ಲ. ಇಟ್ಕೊಂಡು ಏನ್ ಮಾಡ್ತೀಯ?" ಎಂದ ಮಂಜುನಾಥ. ತಪ್ಪು ಮಾತೇನಲ್ಲ.

"ಮೊದ್ಲು ಅದು ಆಡ್ಲಿ. ಆಮೇಲೆ ಕೊಡೋದು ಬಿಡೋದು ಮಾತಾಡನ" ಎಂದರು ಗೌರಮ್ಮ.

ಎಪ್ಪತ್ತು ದಾಟಿದ ಹೆಂಗಸಿಗೆ ಇದೇನು ಹಟ? ಮಗ ಹೊರಗೆ ಹೋದ ಮೇಲೆ ಕೇಳಿಯೇ ಬಿಟ್ಟೆ. ಗೌರಮ್ಮ ಸೆರಗಿನ ತುದಿಯಿಂದ ಗಾಜು ಒರೆಸುತ್ತ ಹೇಳಿದರು.

ಅವರು ಈ ಮನೆಗೆ ಸೊಸೆಯಾಗಿ ಬಂದಾಗ ಹತ್ತೊಂಬತ್ತು. ಬಂದ ಮೂರನೇ ದಿನ ಪಡಸಾಲೆಯಲ್ಲಿ ನೆಂಟರು ಕೂತಿದ್ದರು. ಅತ್ತೆ ತಮ್ಮ ಚೀಲದಿಂದ ಕಾಸು ತೆಗೆದುಕೊಟ್ಟರು. (ಆ ಚೀಲ ಅವರ ಸೊಂಟ ಬಿಡುತ್ತಿರಲಿಲ್ಲವಂತೆ.) ಬೀರು ಹಾಡಲು ಶುರುಮಾಡಿತು. ಹೊಸ ಸೊಸೆ ಅಡುಗೆಮನೆಯಲ್ಲಿ ರಾಗಿಮುದ್ದೆ ತಿರುವುತ್ತಿದ್ದವಳು ಕೋಲು ಹಿಡಿದುಕೊಂಡೇ ಗೋಡೆಗೆ ಕಿವಿಕೊಟ್ಟಳು. ಅಂಥ ದನಿ ಅವಳು ಹುಟ್ಟಿದಮೇಲೆ ಕೇಳಿರಲಿಲ್ಲ. ಸಣ್ಣ ಸಣ್ಣ ಗಂಟೆಗಳು ಒಂದರ ಹಿಂದೆ ಒಂದು ಓಡಿಬಂದ ಹಾಗೆ.

ನಡುವೆ 'ಕಟ್' ಎಂದಿತು. ನಿಂತುಹೋಯಿತು.

ಮಾವ ಎದ್ದುಹೋಗಿ ಹಿಡಿಯನ್ನು ಬಲವಾಗಿ ತಿರುಗಿಸಿದರು. ತಟ್ಟೆಯನ್ನು ಕೈಯಿಂದ ತಳ್ಳಿದರು. ಒಳಗೆ ಟಣ್ ಟಣ್ ಎಂದು ಏನೋ ಮುರಿಯಿತು. ಅಲ್ಲಿಗೆ ಮುಗಿಯಿತು.

"ಕಾಲಿಟ್ಟು ಮೂರ್ ದಿನ ಆಗ್ಲಿಲ್ಲ, ಬೀರು ಮೂಗಾಯ್ತು ಅಂದ್ರು ನಮ್ಮತ್ತೆ. ಅಷ್ಟೇ ಕಣಮ್ಮ. ಆಮೇಲೆ ಎಮ್ಮೆ ಆಲು ಕೊಡದಿದ್ರೂ ನನ್ ಕಾಲ್ಗುಣ, ಬಾವೀಲಿ ನೀರು ಇಳಿದ್ರೂ ನನ್ ಕಾಲ್ಗುಣ."

ಮನೆಯಲ್ಲಿ ಯಾವ ಮದುವೆಯಾದರೂ ಅವರ ಕೈಗೆ ಕಳಸ ಕೊಡುತ್ತಿರಲಿಲ್ಲ. ಹೊಸ ಹಸು ತಂದರೆ ಅವರನ್ನು ಒಳಗಿರಲು ಹೇಳುತ್ತಿದ್ದರು. ಅತ್ತೆ ಹೋದರು, ಮಾವ ಹೋದರು, ಗಂಡ ಹೋದರು. ಮಾತು ಹೋಗಲಿಲ್ಲ. ಈಗಲೂ ನೆಂಟರು ಸೇರಿದಾಗ ಯಾರಾದರೂ ನಗುತ್ತಲೇ ಅನ್ನುತ್ತಾರಂತೆ: 'ನಮ್ಮ ಗೌರಕ್ಕ ಬಂದಾಗ ಬೀರೂ ಬಾಯಿ ಮುಚ್ಚಿತ್ತು.'

"ಐವತ್ತು ವರ್ಷದ್ ಮೇಲಾಯ್ತು, ದಿನಾ ಒರೆಸಿದೀನಿ. ಒಂದ್ ದಿನ ಪೂರ್ತಿ ಕೇಳಿಲ್ಲ. ಕೇಳ್ದೆ ಈ ಮನೆ ಕೆಡವೋಕೆ ಬಿಡಲ್ಲ."

ಆ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಇಲ್ಲ ಎನ್ನಲಾಗಲಿಲ್ಲ.

ಹುಡುಕಾಟ ಶುರುವಾಯಿತು. ತಟ್ಟೆ ತೆಗೆಸಿ, ಐದು ಹಲ್ಲು ಮುರಿದ ಬಾಚಣಿಗೆಯ ಫೋಟೋ ಹಿಡಿದುಕೊಂಡೆ. ಆರ್.ಟಿ. ನಗರದ ಹೊಲಿಗೆ ಮಷೀನ್ ರಿಪೇರಿಯವರು ಫೋಟೋ ನೋಡಿ, "ಇದು ನಮ್ ಲೈನ್ ಅಲ್ಲ ಮೇಡಂ" ಎಂದರು. ಪಿಯಾನೋ ಶ್ರುತಿ ಮಾಡುವವರೊಬ್ಬರು ಫೋನಿನಲ್ಲೇ, ಬಾಚಣಿಗೆಯನ್ನು ವಿದೇಶಕ್ಕೆ ಕಳಿಸಬೇಕು, ಒಂದು ವರ್ಷವಾದರೂ ಬೇಕು ಎಂದರು. ನಮಗಿದ್ದದ್ದು ನಾಲ್ಕು ವಾರ. ನಾನು ಸೋತು, ಗೌರಮ್ಮನಿಗೆ ಹೇಗೆ ಹೇಳುವುದೆಂದು ವಾಕ್ಯ ಜೋಡಿಸುತ್ತಿದ್ದೆ. ಯಶವಂತಪುರದ ಒಬ್ಬ ಮುದುಕ ವಾಚ್ ರಿಪೇರಿಯವರ ಅಂಗಡಿಗೆ ಹೋದದ್ದು ಕಾಟಾಚಾರಕ್ಕೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು.

"ನನ್ನ ಕೈ ನಡುಗುತ್ತೆ. ಬಾಗಲಗುಂಟೆಯಲ್ಲಿ ಒಬ್ಬರು ಡೈ, ಅಂದ್ರೆ ಫ್ಯಾಕ್ಟರಿಗೆ ಉಕ್ಕಿನ ಅಚ್ಚು, ಮಾಡೋರಿದಾರೆ. ಸುವರ್ಣಾ ಅಂತ. ಅವರ ಕೈಲಿ ಆಗ್ಲಿಲ್ಲ ಅಂದ್ರೆ ಯಾರ ಕೈಲೂ ಆಗಲ್ಲ."

ಸುವರ್ಣಾ ರಾಣೆಬೆನ್ನೂರು ಕಡೆಯವರು. ವಯಸ್ಸು ನಲವತ್ತೈದರ ಆಸುಪಾಸು. ಫ್ಯಾಕ್ಟರಿಯೊಂದರ ಟೂಲ್‌ರೂಮಿನಲ್ಲಿ ಹದಿನೈದು ವರ್ಷ ದುಡಿದು, ಈಗ ಸ್ವಂತ ಶೆಡ್ಡಿನಲ್ಲಿ ಒಂದು ಗ್ರೈಂಡಿಂಗ್ ಮಷೀನ್ ಇಟ್ಟುಕೊಂಡಿದ್ದಾರೆ. ನನ್ನ ಕಥೆಯನ್ನೆಲ್ಲ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟ್ ಹಲ್ಲು ಮುರದಾವ್ರಿ?"

"ಐದು."

"ಐದ ಹೌದಲ್ರಿ? ಬಾಯಿ ಪೂರ್ತಿ ಹೋಗಿಲ್ಲಲ್ಲ. ಮಾಡೂಣ್ರಿ. ಭಾನುವಾರ ಬರ್ತೀನಿ."

ಭಾನುವಾರ ಬೆಳಗ್ಗೆ ಸುವರ್ಣಾ ಸ್ಕೂಟರಿನಲ್ಲಿ ಟೂಲ್ ಬಾಕ್ಸ್ ಇಟ್ಟುಕೊಂಡು ಬಂದರು. ಬೀರುವನ್ನು ಗೋಡೆಯಿಂದ ಈಚೆಗೆ ಸರಿಸಲು ಮಂಜುನಾಥನೂ ಅವನ ಚಿಕ್ಕಪ್ಪ ನಂಜಪ್ಪನೂ ಕೈಹಾಕಿದರು. ನಂಜಪ್ಪ ಎಂದರೆ ಗೌರಮ್ಮನ ಮೈದುನ. ಅರವತ್ತೈದರ ಮೇಲಿನ ವಯಸ್ಸು, ಹಿಂದಿನ ಬೀದಿಯಲ್ಲಿ ಮನೆ. ಊರಿನಲ್ಲಿ ನಾಲ್ಕು ಜನ ಎದ್ದು ಜಾಗ ಬಿಡುವಂಥ ಮನುಷ್ಯ.

ಹಿಂದಿನ ಹಲಗೆಗೆ ನಾಲ್ಕೇ ಸ್ಕ್ರೂ. ತುಕ್ಕು ಹಿಡಿದಿದ್ದವು. ಸುವರ್ಣಾ ಎಣ್ಣೆ ಬಿಟ್ಟು, ಕಾದು, ಬಿಚ್ಚಿದರು. ಹೊರಬಂದ ಧೂಳಿಗೆ ನಾವೆಲ್ಲ ಸೀನಿದೆವು. ಅವರು ಟಾರ್ಚ್ ಹಿಡಿದು ತಲೆ ಒಳಗೆ ಹಾಕಿದರು. ಹತ್ತು ನಿಮಿಷ ಕಳೆಯಿತು. ಆಮೇಲೆ ಒಳಗಿನಿಂದಲೇ ಕೇಳಿದರು:

"ಅವ್ವಾರ, ಇದಕ್ಕ ತಗಡು ಯಾರ್ ಹಾಕಿದ್ರಿ?"

ಚಿಮಟದಲ್ಲಿ ಹಿಡಿದು ಹೊರಗೆ ತೆಗೆದರು. ಕಾಸಿನಗಲದ ಒಂದು ತಗಡಿನ ತುಂಡು. ಎಣ್ಣೆ ಡಬ್ಬದಿಂದ ಕತ್ತರಿಸಿದ್ದು. ಒಂದು ಕಡೆ ಹಸಿರು ಬಣ್ಣ ಇನ್ನೂ ಇತ್ತು. ಅಂಚು ಸೊಟ್ಟಪಟ್ಟ.

"ಹಗುರ ಐತಿ ನೋಡ್ರಿ, ಬಟ್ಟಲದಾಗ ನಿಂತಿಲ್ಲ. ಹಾರಿ ಹೋಗಿ ಆ ಫ್ಯಾನಿನ ರೆಕ್ಕಿಗೆ ಸಿಕ್ಕೊಂಡೈತಿ. ಅದಕ್ಕ ನಡುವ ನಿಂತೈತಿ. ಮ್ಯಾಲೆ ಯಾರೋ ಜೋರ್ ಮಾಡಿ ತಿರುಗ್ಸ್ಯಾರ, ಹಲ್ಲು ಹೋಗ್ಯಾವ. ಇಷ್ಟ."

ಗೌರಮ್ಮ ಆ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡರು. ತಿರುಗಿಸಿ ನೋಡಿದರು.

"ಅತ್ತಿಗೆ" ಎಂದರು ನಂಜಪ್ಪ. "ಅದು ನಂದು."

ಅವರ ಮುಖ ಬಿಳಿಚಿಕೊಂಡಿತ್ತು.

"ಅವಾಗ ನನಗೆ ಅನ್ನೊಂದು ವರ್ಸ. ಅವ್ವ ನನಗೆ ಕಾಸು ಕೊಡ್ತಿರ್ಲಿಲ್ಲ. ಡಬ್ಬ ಕತ್ರಿಸಿ ನಾನೇ ಮಾಡ್ಕೊಂಡೆ. ಆಡು ಆಡ್ತಿರ್ವಾಗ್ಲೇ ಆಕ್ಬಿಟ್ರೆ ಇನ್ನೊಂದು ಸುತ್ತು ಬರ್ತದೆ ಅನ್ಕೊಂಡೆ. ಕಡ್ಡಿ ತಗೊಂಡು ಒಳಕ್ಕೆ ತಳ್ಳಿದೆ."

"ಅವತ್ತೇ ಯಾಕೆ ಏಳ್ಲಿಲ್ಲ ನಂಜ?"

"ಅಪ್ಪ ಬಡೀತಿದ್ದ."

"ಸರಿ. ಉಡುಗ ನೀನು. ಆಮೇಲೆ? ದೊಡ್ಡೋನಾದ್ ಮೇಲೆ?"

ನಂಜಪ್ಪ ನೆಲ ನೋಡಿದರು. "ಆಮೇಲೆ... ನಿಮ್ಮನ್ನ ಅಂದು ಅಂದು ಎಲ್ರಿಗೂ ರೂಢಿ ಆಗೋಗಿತ್ತು ಅತ್ತಿಗೆ."

"ನಿನ್ನ ಮದುವೇಲೂ ನನಗೆ ಕಳಸ ಕೊಡ್ಲಿಲ್ಲ. ಒಲೆ ಮುಂದೆ ಕೂತಿದ್ದೆ. ಅಸೆ ಮೇಲಿಂದ ನೀನು ನೋಡಿದ್ದೆ ನನ್ನ. ಒಂದ್ ಮಾತು ಅಂದಿದ್ರೆ ಸಾಕಾಗಿತ್ತಲ್ಲೋ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಂಜಪ್ಪನಿಗೆ ಸುಲಭವಾಗುತ್ತಿತ್ತೋ ಏನೋ. ಆ ಮನುಷ್ಯ ಗೋಡೆ ಹಿಡಿದುಕೊಂಡು ನಿಂತಿದ್ದರು. ಮಂಜುನಾಥ ಒಮ್ಮೆ ಅಮ್ಮನನ್ನು, ಒಮ್ಮೆ ಚಿಕ್ಕಪ್ಪನನ್ನು ನೋಡಿದ. ಅವನಿಗೂ ಇದು ಹೊಸ ಸುದ್ದಿ. ಹುಟ್ಟಿದಾಗಿನಿಂದ 'ಬೀರು ಬಾಯಿ ಮುಚ್ಚಿದ' ಜೋಕಿಗೆ ನಕ್ಕವರಲ್ಲಿ ಅವನೂ ಒಬ್ಬ.

ಗೌರಮ್ಮ ತಗಡಿನ ತುಂಡನ್ನು ನಂಜಪ್ಪನ ಕೈಗೆ ಹಾಕಿ, ಸುವರ್ಣಾರನ್ನು ನೋಡಿದರು. "ನೀನು ಕೆಲ್ಸ ನೋಡವ್ವ. ನಿಲ್ಲಿಸ್ಬೇಡ." ಮತ್ತೆ ಮೈದುನನ ಕಡೆ ತಿರುಗಿದರು. "ಅಂದೋರೆಲ್ಲರ್ನೂ ಕರೀತೀನಿ ನಂಜ. ಬೀರು ಆಡೋ ದಿನ. ಅವರ ಮುಂದೆ ನೀನೇ ಏಳ್ಬೇಕು. ನಾನು ಏಳಲ್ಲ."

"ಆಗ್ಲಿ" ಎಂದರು ನಂಜಪ್ಪ.

ಬಾಚಣಿಗೆಯ ಸ್ಕ್ರೂಗಳು ಅಂದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮೂರು ದಿನ ಎಣ್ಣೆ ಕುಡಿಸಿ, ಅವಸರ ಮಾಡದೆ ಬಿಚ್ಚಿ ಎಂದು ಹೇಳಿ ಸುವರ್ಣಾ ಹೋದರು. ಮೂರನೇ ದಿನ ಗೌರಮ್ಮನೇ ಸ್ಕ್ರೂಡ್ರೈವರ್ ಹಿಡಿದು ಕೂತರು. ಮಗನಿಗೆ ಮುಟ್ಟಲು ಬಿಡಲಿಲ್ಲ. ಕೊನೆಯ ಸ್ಕ್ರೂ ಬಂದಾಗ ಅವರ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು.

ಬಾಚಣಿಗೆಯನ್ನು ಹಳೇ ಕಾಟನ್ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ನಾನು ಬಾಗಲಗುಂಟೆಗೆ ಆಟೋದಲ್ಲಿ ಹೊರಟೆ. ಹೆಬ್ಬಾಳದ ಫ್ಲೈಓವರ್ ಹತ್ತಿರ ಎಂದಿನಂತೆ ಅರ್ಧ ಗಂಟೆ ನಿಂತೆವು. ಡ್ರೈವರ್ ಕನ್ನಡಿಯಲ್ಲಿ ಆಗಾಗ ನೋಡುತ್ತಿದ್ದ. ಕೊನೆಗೆ ತಡೆಯಲಾಗದೆ, "ಅಮ್ಮ, ಇಷ್ಟೊಂದ್ ಹಾರನ್‌ಗೂ ಮಗು ಅಳ್ತಾನೇ ಇಲ್ವಲ್ಲ?" ಎಂದ.

"ಅದಕ್ಕೆ ದನಿ ಬರ್ಲಿ ಅಂತಾನೇ ಕರ್ಕೊಂಡು ಹೋಗ್ತಿರೋದಪ್ಪ" ಎಂದೆ. ಪಾಪ, ಅವನು ಆಮೇಲೆ ಒಂದು ಹಂಪಿನಲ್ಲೂ ಜೋರಾಗಿ ಹಾರಿಸಲಿಲ್ಲ.

ಸುವರ್ಣಾ ಅವರ ಶೆಡ್ಡಿನಲ್ಲಿ ನಾನು ನೋಡಿದ್ದನ್ನು ಬರೆಯಲು ನನ್ನ ಕನ್ನಡ ಸಾಲದು. ಮುರಿದ ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳು ಮಾಡಿ, ಹೊಸ ಸ್ಪ್ರಿಂಗ್ ಉಕ್ಕಿನ ಹಲ್ಲು ಕೂರಿಸಿ ಬೆಸುಗೆ ಹಾಕಬೇಕು. ಬಿಸಿ ಹೆಚ್ಚಾದರೆ ಪಕ್ಕದ ಹಲ್ಲುಗಳ ಗಡಸು ಹೋಗುತ್ತದೆ, ದನಿಯೂ ಹೋಗುತ್ತದೆ. ಆಮೇಲೆ ಶ್ರುತಿ. ಹಲ್ಲಿನ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ.

"ಮುರಿದ ಹಲ್ಲಿನ ಸ್ವರ ಯಾವುದಿತ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದೆ.

"ಮಗ್ಗಲದ ಹಲ್ಲು ಹೇಳ್ತಾವ್ರಿ. ಒಂದ ಸ್ವರಕ್ಕ ಎರಡೆರಡು ಹಲ್ಲು ಇಟ್ಟಾರ, ಒಂದು ನುಡಿಯೂವಾಗ ಇನ್ನೊಂದು ತಯಾರಿರಲಿ ಅಂತ. ಜೋಡಿ ಉಳದಿದ್ರ ಸಾಕು." ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುವ ಕಿವಿ ಅದು. ಮೊಬೈಲಿನಲ್ಲಿ ಶ್ರುತಿ ನೋಡುವ ಆ್ಯಪ್ ಇತ್ತು. ಅದನ್ನು ಅವರು ಆಗಾಗ ನೋಡಿ, "ಇದಕ್ಕಿಂತ ನನ್ನ ಕಿವಿ ಚಲೋ ಐತಿ" ಎಂದು ತಲೆಯಾಡಿಸುತ್ತಿದ್ದರು.

ನಾಲ್ಕು ಹಲ್ಲು ಸರಿಹೋದವು. ಐದನೆಯದು, ಎಲ್ಲಕ್ಕಿಂತ ಗಿಡ್ಡದ್ದು, ಶ್ರುತಿಗೆ ಬಂದಿತು ಎನ್ನುವಷ್ಟರಲ್ಲಿ ಪಟ್ ಎಂದು ಮುರಿಯಿತು. ಮತ್ತೆ ಮಾಡಿದರು. ಮತ್ತೆ ಮುರಿಯಿತು. ಜೆಸಿಬಿ ಬರಲು ಒಂಬತ್ತು ದಿನವಿತ್ತು. ನಾನು, "ಹೋಗ್ಲಿ ಬಿಡಿ ಸುವರ್ಣಾ, ಒಂದು ಹಲ್ಲು ಇಲ್ದಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆ ಅವ್ವಾಗ ಅರ್ಧಾ ಹಾಡು ಕೇಳಿಸಿ ಕಳಿಸ್ಯಾರ. ನಾನೂ ಒಂದ್ ಹಲ್ಲು ಕಡಿಮಿ ಮಾಡಿ ಕೊಡ್ಲೇನ್ರಿ?"

ನಾನು ಚಹಾ ತರಲು ಹೋದೆ. ನಾಲ್ಕನೇ ಸಲ ಮಾಡಿದ್ದು ನಿಂತಿತು.

ಮನೆ ಕೆಡವುವ ಹಿಂದಿನ ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಸಾಮಾನೆಲ್ಲ ಹೋಗಿ ಬೋಳಾಗಿದ್ದ ಪಡಸಾಲೆಯಲ್ಲಿ ಜಮಖಾನ ಹಾಸಿ ಮೂವತ್ತು ಜನ ಕೂತಿದ್ದರು. ನಾದಿನಿಯರು, ಓರಗಿತ್ತಿಯರು, ಅವರ ಮಕ್ಕಳು, ಸೊಸೆಯರು. ಗೋಡೆಗೊರಗಿ ಗೌರಮ್ಮನ ಚಿಕ್ಕತ್ತೆ, ಆ ತಲೆಮಾರಿನಲ್ಲಿ ಉಳಿದ ಒಬ್ಬರೇ ಹಿರಿಯರು. ಎಲ್ಲರಿಗೂ ಉಪ್ಪಿಟ್ಟು, ಕಾಫಿ ಆಗಿತ್ತು. ಯಾಕೆ ಕರೆದಿದ್ದಾರೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ನಂಜಪ್ಪ ಎದ್ದು ನಿಂತರು. ಬಿಳಿ ಪಂಚೆ, ಬಿಳಿ ಶರಟು. ಊರ ಸಭೆಗಳಲ್ಲಿ ಮೈಕಿಲ್ಲದೆ ಮಾತಾಡುವ ಮನುಷ್ಯನ ದನಿ ಅಂದು ಎರಡನೇ ಸಾಲಿಗೂ ಕೇಳಲಿಲ್ಲ.

"ಜೋರಾಗಿ ಏಳು ನಂಜ" ಎಂದರು ಗೌರಮ್ಮ.

ಅವರು ಹೇಳಿದರು. ಡಬ್ಬ, ಕತ್ತರಿ, ಕಡ್ಡಿ, ಎಲ್ಲವನ್ನೂ. ಜೇಬಿನಿಂದ ಆ ತಗಡಿನ ತುಂಡು ತೆಗೆದು ತೋರಿಸಿದರು. "ಬೀರು ಕೆಡಿಸಿದ್ದು ನಾನು. ಬೈಸ್ಕೊಂಡಿದ್ದು ಅತ್ತಿಗೆ. ಗೊತ್ತಿದ್ದೂ ನಾನು ಸುಮ್ನಿದ್ದೆ. ತಪ್ಪಾಯ್ತು" ಎಂದು ಕೈಮುಗಿದರು. ಕೈಮುಗಿದದ್ದು ಸಭೆಗಲ್ಲ, ಗೌರಮ್ಮನಿಗೆ. ಯಾರೂ ನಗಲಿಲ್ಲ. ಒಬ್ಬ ಓರಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಂಜಪ್ಪನ ಹೆಂಡತಿ ಎದ್ದು ಗೌರಮ್ಮನ ಪಕ್ಕಕ್ಕೆ ಬಂದು ಕೂತಳು.

ಗೌರಮ್ಮ ತಲೆಯಾಡಿಸಿದರು. ಕ್ಷಮಿಸಿದೆ ಎಂದರೋ, ಕೇಳಿಸಿತು ಎಂದರೋ, ನನಗೆ ಇಂದಿಗೂ ಗೊತ್ತಾಗಿಲ್ಲ. ಅವರು ಎದ್ದು, ಹಿಡಿಯನ್ನು ನಿಧಾನವಾಗಿ ತಿರುಗಿಸಿ ಕೀ ಕೊಟ್ಟರು. ಅತ್ತೆಯ ಚೀಲದಿಂದ ಒಂದು ದಪ್ಪ ತಾಮ್ರದ ಕಾಸು ತೆಗೆದರು. ಆ ಮನೆಯ ಸೊಸೆ ತನ್ನ ಕೈಯಾರೆ ಆ ಹಿತ್ತಾಳೆಯ ಬಾಯಿಗೆ ಹಾಕಿದ ಮೊದಲ ಕಾಸು.

ಕಾಸು ಜಾರಿದ ಸದ್ದು. ಒಂದು ಕ್ಷಣ ಏನೂ ಇಲ್ಲ. ಸುವರ್ಣಾ ತುಟಿ ಕಚ್ಚಿಕೊಂಡರು.

ತಟ್ಟೆ ಅಲುಗಿತು. ತಿರುಗಿತು.

ಮೊಬೈಲ್ ರಿಂಗ್‌ಟೋನಿನಂಥ ಪುಟ್ಟ ದನಿ ಬರುತ್ತದೆಂದುಕೊಂಡಿದ್ದೆ. ಅಲ್ಲ! ಮರದ ಬೀರು ಇಡಿಯಾಗಿ ನುಡಿಯುತ್ತಿತ್ತು. ಕೆಳದನಿಗಳು ನೆಲದ ಮೂಲಕ ಅಂಗಾಲಿಗೆ ತಾಗುತ್ತಿದ್ದವು. ಮೇಲ್ದನಿಗಳು ಹೆಂಚಿನವರೆಗೆ ಹೋಗಿ ಬರುತ್ತಿದ್ದವು. ಯಾವುದೋ ಕುಣಿತದ ಮಟ್ಟು, ಯಾವ ದೇಶದ್ದೋ. ಅಲ್ಲಿದ್ದ ಯಾರಿಗೂ ಗೊತ್ತಿಲ್ಲದ್ದು. ಹೋಗುತ್ತ ಹೋಗುತ್ತ ಒಂದು ಕಡೆ ಗೌರಮ್ಮ ನನ್ನ ಮೊಣಕೈ ಹಿಡಿದರು. "ಇಲ್ಲೇ" ಎಂದರು ಪಿಸುಮಾತಿನಲ್ಲಿ. "ಇಲ್ಲೇ ನಿಂತಿದ್ದು."

ನಿಲ್ಲಲಿಲ್ಲ. ದಾಟಿತು. ಅಲ್ಲಿಂದ ಮುಂದಿನದನ್ನು ಅವರು ಕಣ್ಣುಮುಚ್ಚದೆ, ತಟ್ಟೆಯನ್ನೇ ನೋಡುತ್ತ, ಪರೀಕ್ಷೆ ಮಾಡುವವರ ಹಾಗೆ ಕೇಳಿದರು.

ಮುಗಿದ ಮೇಲೆ ಅವರೇನಾದರೂ ದೊಡ್ಡ ಮಾತು ಹೇಳುತ್ತಾರೆಂದು ಕಾದೆ. (ಅಂಕಣಕಾರರ ದುರಾಸೆ.)

"ಕಡೇಲಿ ಸ್ವಲ್ಪ ಎಳೀತದೆ" ಎಂದರು ಗೌರಮ್ಮ. "ಇನ್ನೊಂದ್ ಸಲ ಆಕ್ತೀನಿ."

ಹಾಕಿದರು. ನಾಲ್ಕು ಸಲ. ಐದನೆಯ ಸಲ ಕಾಸನ್ನು ನಂಜಪ್ಪನ ಸಣ್ಣ ಸೊಸೆಯ ಕೈಗೆ ಕೊಟ್ಟು, "ನೀನ್ ಆಕು" ಎಂದರು.

ಗೋಡೆಗೊರಗಿದ್ದ ಚಿಕ್ಕತ್ತೆ ಬೊಚ್ಚುಬಾಯಲ್ಲಿ ನಕ್ಕು, "ಅಂತೂ ನಿನ್ನ ಕಾಲ್ಗುಣ ಒಳ್ಳೇದೇ ಕಣೆ ಗೌರಿ, ಬೀರು ಆಡ್ತಲ್ಲ" ಎಂದರು.

"ಕಾಲ್ಗುಣ ಅಲ್ಲ ಚಿಕ್ಕತ್ತೆ" ಎಂದರು ಗೌರಮ್ಮ, ಥಟ್ಟನೆ. "ಸುವರ್ಣಮ್ಮನ ಕೈಗುಣ."

ಮಂಜುನಾಥ ಅಂದೇ ವ್ಯಾಪಾರಿಗೆ ಫೋನ್ ಮಾಡಿ ಬರಬೇಡಿ ಎಂದ. ಹೊಸ ಕಟ್ಟಡದ ನಕ್ಷೆಯಲ್ಲಿ ಕೆಳಗಿನ ಅಂತಸ್ತಿನ ಎರಡು ಕಾರ್ ಪಾರ್ಕಿಂಗ್ ಹೋಗಿ, ಗಾಜಿನ ಬಾಗಿಲಿನ ಒಂದು ಕೋಣೆ ಬಂದಿದೆ. ಅಲ್ಲಿಯವರೆಗೆ ಬೀರು ಬಾಡಿಗೆ ಮನೆಯ ಹಾಲ್‌ನಲ್ಲಿದೆ. ಕಾಸಿನ ಚೀಲ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಯಾರು ಬೇಕಾದರೂ ತೆಗೆದು ಹಾಕಬಹುದು. ಕೇಳಬೇಕಾಗಿಲ್ಲ.

ಇಷ್ಟು ಬರೆದು ನಾನು ಈ ಅಂಕಣವನ್ನು ಮುಗಿಸಬಹುದಿತ್ತು. ಆದರೆ ಈ ವಾರ ನಮ್ಮ ಮನೆಯ ವಾಷಿಂಗ್ ಮಷೀನ್ ನಿಂತುಹೋಯಿತು. ಮಗನ ಮದುವೆಯಾಗಿ ಆರು ತಿಂಗಳು. ಊಟದ ಟೇಬಲ್ಲಿನಲ್ಲಿ ನಾನು ನಗುತ್ತಲೇ ಅಂದೆ: "ಮೇಘನಾ, ನೀನು ಬಂದ್ಮೇಲೆ ತಿಂಗಳಿಗೊಂದು ಕೆಡ್ತಿದೆಯಲ್ಲೇ!" ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ.

ಮರುದಿನ ಮೆಕ್ಯಾನಿಕ್ ಬಂದ. ನೀರು ಹೊರಹಾಕುವ ಪಂಪ್ ಬಿಚ್ಚಿ, ಒಳಗಿನಿಂದ ಒಂದು ವಸ್ತು ತೆಗೆದು ನನ್ನ ಅಂಗೈಗೆ ಹಾಕಿದ. ಸೀರೆಗೆ ಹಾಕುವ ಸೇಫ್ಟಿ ಪಿನ್. ಮೇಘನಾ ಸೀರೆ ಉಡುವುದಿಲ್ಲ.

'ಅದು ನಂದು' ಎಂದು ಬಾಯಿಬಿಟ್ಟು ಹೇಳಲು ನಂಜಪ್ಪನಿಗೆ ಐವತ್ತು ವರ್ಷ ಬೇಕಾಯಿತು, ನನಗೆ ಎರಡು ದಿನ. ನಿಮಗೆ?